ಕೈಯಲ್ಲಿ ಉಳಿದ ಕೊಂಡಿ

ಹೊಳೆದಂಡೆಯ ಆ ಆಶ್ರಮದಲ್ಲಿ ಒಂದು ರೂಢಿ ಇತ್ತು. ಓದು ಮುಗಿಸಿದವರಲ್ಲಿ ಗುರುಗಳು ಯಾರ ಕೈಗೆ ಚಾಪೆ ಕೊಡುತ್ತಾರೋ ಅವನು ಅದನ್ನು ಹೊಂಗೆ ಮರದಡಿ ಹಾಸಿ, ಬಂದವರಿಗೆಲ್ಲ ಪಾಠ ಹೇಳಬೇಕು.

ಈ ಸಲ ಚಾಪೆ ತನಗೇ ಎಂದು ಕೇದಾರ ಗಟ್ಟಿಯಾಗಿ ನಂಬಿದ್ದ. ಗುರು ಶಾಂತಯ್ಯನವರು ಅದನ್ನು ಮಲ್ಲೇಶಿಗೆ ಕೊಟ್ಟರು.

ಕೇದಾರನ ಮೈಯೆಲ್ಲ ಉರಿದುಹೋಯಿತು. ಒಂದು ಪದ್ಯ ಹೇಳುವಷ್ಟರಲ್ಲಿ ಹತ್ತು ಕಡೆ ತಡವರಿಸುವ ಮಲ್ಲೇಶಿಗೆ ಚಾಪೆ, ಊರೂರು ತಿರುಗಿ ವಾದ ಗೆದ್ದುಬಂದ ತನಗೆ ಬರಿ ನೆಲ. ಇದು ಅನ್ಯಾಯವಲ್ಲದೆ ಇನ್ನೇನು?

ಸಿಟ್ಟು ನುಂಗಿಕೊಳ್ಳುವ ಜಾಯಮಾನ ಅವನದಲ್ಲ. ನೆಟ್ಟಗೆ ಹೋಗಿ, ಹೊಂಗೆಯ ಕೆಳಗೆ ಕೂತಿದ್ದ ಗುರುಗಳ ಮುಂದೆ ನಿಂತ.

"ನನ್ನ ಓದಿನಲ್ಲಿ ಏನು ಕೊರತೆ ಕಂಡಿರಿ, ಗುರುಗಳೇ?"

"ಏನೂ ಇಲ್ಲ."

"ಮತ್ತೆ?"

"ಕುಂಬಾರರ ಗೌರವ್ವ ಈಗ ಪಾಠಕ್ಕೆ ಬರುತ್ತಿಲ್ಲ, ಯಾಕೆ?"

ಯಾಕೆಂದು ಆಶ್ರಮಕ್ಕೆಲ್ಲ ಗೊತ್ತಿತ್ತು. ಅವಳು ಒಂದು ಪದ್ಯದ ಅರ್ಥವನ್ನು ಮತ್ತೆ ಮತ್ತೆ ಕೇಳಿದಾಗ, ಮಡಕೆ ತಟ್ಟುವ ಕೈಗೆ ಪದ್ಯವೇಕೆ ಎಂದು ಕೇದಾರ ಎಲ್ಲರೆದುರು ಅಂದಿದ್ದ. ಕೂತವರು ನಕ್ಕಿದ್ದರು. ಅವಳು ಸೆರಗು ಸರಿಮಾಡಿಕೊಂಡು ಎದ್ದುಹೋದವಳು ಮತ್ತೆ ಇತ್ತ ತಲೆ ಹಾಕಿರಲಿಲ್ಲ.

ಅದನ್ನೂ ತನ್ನ ತಲೆಗೇ ಕಟ್ಟುವುದೇ ಎಂದು ಕೇದಾರ ಇನ್ನಷ್ಟು ಕೆರಳಿದ. ತಮಾಷೆಗೆ ಆಡಿದ ಮಾತು ಅದು, ತಡೆದುಕೊಳ್ಳಲಾರದವರು ಓದಲು ಬರಲೇಬಾರದು ಎಂದು ವಾದ ಹೂಡಿದ.

ಗುರುಗಳು ಹುಲ್ಲಿನ ಬುಡದತ್ತ ಬೆರಳು ತೋರಿದರು. ಅಲ್ಲೊಂದು ಹಸಿರು ಮಿಡತೆ ಇತ್ತು. ಅದರ ಹಿಂದುಗಡೆ ಬಾಗಿದ ಕತ್ತಿಯಂಥ ಅಲಗು.

"ಮುಟ್ಟಬೇಡಿ, ಚುಚ್ಚೀತು," ಎಂದ ಕೇದಾರ.

"ಕತ್ತಿಯಲ್ಲ, ಅದು ಬೀಜ ಬಿತ್ತುವ ಕೂರಿಗೆ. ನೋಡು."

ಮಿಡತೆ ಬೆನ್ನು ಬಗ್ಗಿಸಿ ಅಲಗನ್ನು ಮಣ್ಣಿಗಿಳಿಸಿತು. ಅಲಗಿನ ಪಟ್ಟಿಗಳು ಒಂದನ್ನೊಂದು ಸವರುತ್ತ ನೆಲ ಕೊರೆದವು. ಅವುಗಳ ನಡುವಿನಿಂದ ಮೊಟ್ಟೆ ಜಾರಿ ಮಣ್ಣು ಸೇರಿತು.

ಕೇದಾರನಿಗೆ ತಾಳ್ಮೆ ಕೆಟ್ಟಿತು. "ನಾನು ನ್ಯಾಯ ಕೇಳಲು ಬಂದರೆ ನೀವು ಮಿಡತೆ ತೋರಿಸುತ್ತೀರಿ," ಎಂದವನೇ ಹೂಬಿಟ್ಟ ಹೊಂಗೆಯ ಕೊಂಬೆಗೆ ಕೈ ಬೀಸಿ ಹೊಡೆದ. ಹೂವಿನಲ್ಲಿದ್ದ ಜೇನುಹುಳ ಅವನ ಅಂಗೈಗೆ ಕುಟುಕಿತು.

ಗುರುಗಳು ಅವನ ಕೈ ಹಿಡಿದು ಹತ್ತಿರಕ್ಕೆಳೆದುಕೊಂಡರು. ಹುಳ ಹೋಗಿತ್ತು. ಕಿತ್ತು ಉಳಿದ ಕೊಂಡಿ ಚರ್ಮದಲ್ಲಿ ಇನ್ನೂ ಮಿಡಿಯುತ್ತಿತ್ತು.

"ಹುಳ ಹೋದರೂ ಇದು ವಿಷ ಬಿಡುತ್ತಲೇ ಇರುತ್ತದೆ," ಎನ್ನುತ್ತ ಅವರು ಉಗುರಿನಿಂದ ಅದನ್ನು ಕೆರೆದು ತೆಗೆದರು.

"ಹಾಳಾದ ಹುಳ. ಇಂಥ ಆಯುಧ ಇದಕ್ಕೆ ಯಾರು ಕೊಟ್ಟರು?"

"ಆಯುಧವೆಂದು ಯಾರೂ ಕೊಡಲಿಲ್ಲ. ಇದರ ಹಿಂದಿನವರಿಗೆ ಇದೂ ಕೂರಿಗೆಯೇ. ತಲೆಮಾರು ಉರುಳಿದಂತೆ ಮೊಟ್ಟೆಗೆ ಬೇರೆ ದಾರಿಯಾಯಿತು, ಇದರಲ್ಲಿ ವಿಷ ಹರಿಯಿತು. ಅದಕ್ಕೇ ಮೊಟ್ಟೆಯಿಡದ ಗಂಡುಜೇನಿಗೆ ಕೊಂಡಿಯೇ ಇಲ್ಲ."

ಕೇದಾರ ಊದುತ್ತಿದ್ದ ಅಂಗೈ ನೋಡಿಕೊಂಡ. ಸಿಟ್ಟು ಇನ್ನೂ ಪೂರ್ತಿ ಇಳಿದಿರಲಿಲ್ಲ.

"ನಾನು ಅಂದದ್ದು ಒಂದೇ ಮಾತು," ಎಂದ. "ಅದೂ ಯಾವಾಗಲೋ. ಅವಳು ಅದನ್ನೇ ಹಿಡಿದುಕೊಂಡು ಕೂತರೆ ನಾನೇನು ಮಾಡಲಿ?"

ಶಾಂತಯ್ಯನವರು ಕೊಂಡಿಯನ್ನು ಒಂದು ಎಲೆಗೆ ಒರೆಸಿದರು.

"ಉಗುರು ನಿನಗೂ ಇದೆ. ಕುಂಬಾರಗೇರಿಗೆ ಹೋಗಿ ಬಾ."