ಕಸ ಇನ್ನೂ ಬಿದ್ದಿಲ್ಲ

“ಕೇಳಿರಪ್ಪೋ ಕೇಳಿರಿ! ರಾಜಕುಮಾರಿ ಹೊನ್ನಾಂಬೆಯ ಮೂರು ಒಗಟು ಬಿಡಿಸಿದವನಿಗೆ ಅವಳನ್ನೇ ಧಾರೆಯೆರೆದು ಕೊಡಲಾಗುವುದು. ತಪ್ಪಿದವನ ತಲೆ ಕೋಟೆಬಾಗಿಲಿಗೆ!”

ಕರಿಗಲ್ಲು ಸೀಮೆಯಲ್ಲಿ ಡಂಗುರ ಹೊಡೆದದ್ದೇ ತಡ, ಆಸೆಬುರುಕ ರಾಜಕುಮಾರರು ಮುಗಿಬಿದ್ದರು. ಬಾಗಿಲಿಗೆ ತಲೆಗಳದೇ ತೋರಣವಾಯಿತು.

ಕುರಿ ಕಾಯುವ ಮಾಳಪ್ಪನೂ ಹೊರಟ. ಅವನ ತಾಯಿ ಬಾಳವ್ವ ಸೂಲಗಿತ್ತಿ. “ಬ್ಯಾಡ ಮಗನೆ, ಆ ಅರಮನೆ ನಮ್ಮ ಮಾತು ಕೇಳೋದಲ್ಲ” ಎಂದು ಅತ್ತಳು. ಹುಡುಗಿಗೆ ಮನಸೋತವನ ಕಿವಿಗೆ ಬುದ್ಧಿಮಾತು ಎಲ್ಲಿ ಹೋಗುತ್ತದೆ?

ಸಭೆಯಲ್ಲಿ ಹೊನ್ನಾಂಬೆ ಕೇಳಿದಳು: “ಒಂದೇ ಮನೆಯೊಳಗೆ ಎರಡು ಕೆಂಪು ಹೊಳೆ. ಒಂದಕ್ಕೊಂದು ಬೆರೆಯೋದಿಲ್ಲ. ಆದರೂ ದೊಡ್ಡ ಹೊಳೆಯ ಅನ್ನವನ್ನ ಚಿಕ್ಕದಕ್ಕೆ ದಾಟಿಸುವವರು ಯಾರು?”

ಮಾಳಪ್ಪನ ಮುಂದಿದ್ದ ರಾಜಕುಮಾರ “ದೋಣಿ!” ಎಂದ. ಅವನನ್ನು ಎಳೆದೊಯ್ದರು. ಮಾಳಪ್ಪ ಮುಂದೆ ಬಂದು ನಿಂತ.

“ಕಸ, ತಾಯಿ” ಎಂದ.

ಸಭೆ ಗೊಳ್ಳೆಂದು ನಕ್ಕಿತು. ಹೊನ್ನಾಂಬೆ ನಗಲಿಲ್ಲ. “ಮೂಗು ಇನ್ನೂ ತೆರೆಯದವನಿಗೆ ಉಸಿರು ತಂದುಕೊಟ್ಟು, ಅವನ ಕೊಳೆ ಹೊತ್ತೊಯ್ಯುವ ಆಳು ಯಾರು?”

“ಅದೂ ಕಸವೇ.”

ಅರಸ ಸಿಡಿದೆದ್ದ. “ಅರಮನೆಯ ಒಗಟನ್ನ ಕಸ ಅಂತೀಯಾ! ಕಡಿಯಿರಿ ಇವನನ್ನ!”

“ನಿಲ್ಲಿ ಅಪ್ಪಾಜಿ. ಎರಡೂ ಸರಿ.”

ಎತ್ತಿದ ಕತ್ತಿ ಎತ್ತಿದಲ್ಲೇ ನಿಂತಿತು. ಗಂಡಸರು ಬಿಟ್ಟಬಾಯಿ ಮುಚ್ಚಲಿಲ್ಲ.

“ಮೂರನೆಯದಕ್ಕೆ ಉತ್ತರ ನನಗೂ ಗೊತ್ತಿಲ್ಲ” ಎಂದಳು ಹೊನ್ನಾಂಬೆ. “ನನ್ನನ್ನ ತಾಯಿಯನ್ನ ತಿಂದುಕೊಂಡು ಹುಟ್ಟಿದವಳು ಅಂತಾರೆ. ಅಮ್ಮನನ್ನ ಕೊಂದದ್ದು ಯಾರು?”

ಉತ್ತರ ಮಾಳಪ್ಪನಿಗೆ ಗೊತ್ತಿತ್ತು. ಅದನ್ನು ಹೇಳಿದರೂ ತಲೆ ಹೋಗುವಂತಿತ್ತು. ಅವಳ ಮುಖ ನೋಡಿ ಹೇಳಿಯೇಬಿಟ್ಟ.

“ನೀವಲ್ಲ ತಾಯಿ. ಬಸುರಿಯ ರಕ್ತ ಬೇರೆ, ಕೂಸಿನ ರಕ್ತ ಬೇರೆ. ನಡುವೆ ಕೂತು ಅನ್ನ, ಉಸಿರು ದಾಟಿಸೋದು ಗರ್ಭದ ಕಸ, ಹೆರಿಗೆಯಾದ ಮೇಲೆ ಬೀಳ್ತದಲ್ಲ, ಅದು. ಬಿದ್ದರೆ ಗರ್ಭ ಮುದುರಿ ರಕ್ತದ ಬಾಯಿ ಮುಚ್ತದೆ. ಒಳಗುಳಿದರೆ ರಕ್ತ ನಿಲ್ಲೋದಿಲ್ಲ. ನೀವು ಹುಟ್ಟಿದಾಗ ನಿಮ್ಮನ್ನ ಎತ್ತಿಕೊಂಡವಳು ನಮ್ಮವ್ವ. ಹೆಣ್ಣು ಅಂತ ತಿಳಿದ ದೊರೆಗಳು ಸಿಟ್ಟಿಗೆದ್ದು ಅವಳನ್ನ ಹೊರಗಟ್ಟಿದರು. ‘ಕಸ ಇನ್ನೂ ಬಿದ್ದಿಲ್ಲ’ ಅಂತ ಅವ್ವ ಕೂಗಿಕೊಂಡಳು. ಅದಕ್ಕೆ ದೊರೆಗಳು...”

ಆ ಮಾತನ್ನು ಅರಸನೇ ಮುಗಿಸಿದ.

“‘ಕಸ ಗುಡಿಸೋಕೆ ಆಳುಗಳಿದ್ದಾರೆ, ನಡಿ’ ಅಂದೆ.”

ಅರಸ ಕುಸಿದು ಕೂತ. ಕೈ ಚಾಚಿ “ಮಗಳೇ” ಎಂದ. ಹೊನ್ನಾಂಬೆ ಆ ಪದವನ್ನು ಅವನ ಬಾಯಲ್ಲಿ ಕೇಳಿದ್ದು ಅದೇ ಮೊದಲು. ಅವಳು ಬಿಕ್ಕಿಬಿಕ್ಕಿ ಅತ್ತಳು.

ಕೋಟೆಬಾಗಿಲಿನ ತಲೆಗಳು ಇಳಿದು ಮಾವಿನ ತೋರಣ ಏರಿತು. ಮಾಳಪ್ಪನಿಗೆ ಧಾರೆ ಎರೆದ ದಿನ ಸೀಮೆಯಲ್ಲಿ ಮತ್ತೆ ಡಂಗುರ ಹೊಡೆದರು:

“ಕೇಳಿರಪ್ಪೋ ಕೇಳಿರಿ! ಇಂದಿನಿಂದ ಹೆರಿಗೆಮನೆಯಲ್ಲಿ ಸೂಲಗಿತ್ತಿ ಮಾತು ಮುಗಿಸುವ ತನಕ ಅರಸನೂ ಬಾಯಿ ತೆರೆಯುವಂತಿಲ್ಲ!”