ತಲೆ ಕೊನೆಗೆ

ಗುರು ಮಾಚಯ್ಯನವರು ಉಸಿರನ್ನು ಗೆದ್ದವರೆಂದು ಆಶ್ರಮದಲ್ಲಿ ಎಲ್ಲರೂ ನಂಬಿದ್ದರು. ಅವರ ಕಯಾಕ್ ಮಗುಚಿದರೂ ಉರುಳಿ ನೆಟ್ಟಗಾಗುತ್ತಿತ್ತು. ನಂಬಿಕೆಗೆ ಅಷ್ಟು ಸಾಕಾಗಿತ್ತು.

ಕಯಾಕ್ ಎಂದರೆ ಸೊಂಟದವರೆಗೆ ಒಳಗಿಳಿದು ಕೂರುವ ಕಿರುದೋಣಿ. ಮಗುಚಿದರೆ ಕೂತವನ ತಲೆ ನೀರಿನಡಿ.

ಮರುದಿನ ಎಲ್ಲರೂ ಹೊಳೆಯ ರಭಸದ ನೀರಿನಲ್ಲಿ ಕಯಾಕ್ ಹತ್ತಿ ಕೆಳಗಿನ ಮಠಕ್ಕೆ ಹೊರಡುವವರಿದ್ದರು. ಉರುಳಿ ಏಳಲು ಬಾರದವನು ಪಾತ್ರೆಗಳ ಜೊತೆ ಗಾಡಿಯಲ್ಲಿ. ಹಾಗೆ ಗಾಡಿ ಹತ್ತಿದವರೆಲ್ಲ ಅಡುಗೆಯವರಾಗಿಯೇ ಉಳಿದಿದ್ದರು.

ಶಿಷ್ಯ ಕೇತಪ್ಪನಿಗೆ ಉರುಳಲು ಬರುತ್ತಿತ್ತು. ಏಳಲು ಬರುತ್ತಿರಲಿಲ್ಲ.

ಮಳೆಗಾಲವಿಡೀ ಅವನು ಕುಂಭಕ ಮಾಡಿದ್ದ, ಅಂದರೆ ಉಸಿರು ಬಿಗಿಹಿಡಿದು ಕೂತಿದ್ದ. ಆ ಸಂಜೆ ಬೇಕೆಂದೇ ಮಗುಚಿದ. ತಲೆಕೆಳಗಾಗಿ ಬಹಳ ಹೊತ್ತು ಇದ್ದ. ಆಮೇಲೆ ಗಾಬರಿಯಾಗಿ ತಲೆ ಎತ್ತಿದ. ದೋಣಿ ಮತ್ತೆ ಕವುಚಿತು. ಗುರುಗಳು ಎಳೆದು ನೆಟ್ಟಗೆ ಮಾಡಿದರು.

"ಒಳಗೇನು ಮಾಡ್ತಿದ್ದೆ?"

"ಕುಂಭಕ, ಗುರುಗಳೇ."

"ಮೀನುಗಳು ಮೆಚ್ಚಿರಬೇಕು."

ದಡದಿಂದ ಹಿರಿಯ ಶಿಷ್ಯ ಸಂಗಣ್ಣ ಕೂಗಿದ: "ಕೇತಪ್ಪಾ, ನಾಳೆ ಸಾರಿಗೆ ಉಪ್ಪು ಸ್ವಲ್ಪ ಕಡಿಮೆ ಹಾಕಯ್ಯಾ!"

"ಇನ್ನೊಂದು ಸಲ," ಎಂದ ಕೇತಪ್ಪ. ಮಗುಚಿದ.

ಗುರುಗಳು ಎದೆಮಟ್ಟದ ನೀರಿನಲ್ಲಿ ಕಾದು ನಿಂತರು. ಅವನ ತಲೆ ಹೊರಬಂದದ್ದೇ ತಡ, ಕೆನ್ನೆ ನೀರಿಗೆ ತಾಗುವಂತೆ ಅದುಮಿ ಹಿಡಿದರು. ದೋಣಿ ಪಕ್ಕಕ್ಕೆ ವಾಲಿ ನಿಂತಿತು.

"ಅಯ್ಯೋ, ಬಿಡಿ! ಸಾಯ್ತೀನಿ!"

"ಸಾಯೋನು ಇಷ್ಟು ಮಾತಾಡಲ್ಲ. ದೋಣಿ ಮೊದಲು. ತಲೆ ಕೊನೆಗೆ."

ಕೇತಪ್ಪನಿಗೆ ಸಿಟ್ಟು ಬಂತು. ಸಿಟ್ಟಿನಲ್ಲೇ ಹುಟ್ಟು ಬೀಸಿ ಸೊಂಟ ತಿರುಚಿದ. ತೊಡೆಯಡಿಯಲ್ಲಿ ದೋಣಿ ಹೊರಳಿತು. ಅದರ ಹಿಂದೆ ಮೈ, ಮೈಯ ಹಿಂದೆ ತಲೆ. ಗುರುಗಳು ಕೈ ತೆಗೆದು ಆಗಲೇ ದೂರ ಸರಿದಿದ್ದರು.

ಅವನು ಮತ್ತೆ ಮಗುಚಿದ. ಒಬ್ಬನೇ ಎದ್ದ. ಸಂಗಣ್ಣ ಉಪ್ಪಿನ ಮಾತು ಬಿಟ್ಟ.

"ಬಂತು," ಎಂದ ಕೇತಪ್ಪ. ಖುಷಿ ಇಳಿದ ಮೇಲೆ ಅನುಮಾನ ಬಂತು. "ಆದರೆ ಉಸಿರು ಕಟ್ಟುವಷ್ಟು ಹೊತ್ತೇ ಆಗಲಿಲ್ಲ. ನಿಮ್ಮ ಹಾಗಾಗಬೇಕೆಂದು ಒಂದಿಡೀ ಮಳೆಗಾಲ ಮೂಗು ಹಿಡಿದು ಕೂತೆನಲ್ಲ ಗುರುಗಳೇ. ನೀವು ಎಷ್ಟು ಹೊತ್ತು ಉಸಿರು ಕಟ್ತೀರಿ?"

ಗುರುಗಳು ದಡ ಹತ್ತಿ ಪಂಚೆಯ ಅಂಚು ಹಿಂಡಿದರು.

"ಕಟ್ಟೋಕಾಗಲ್ಲ ಕಣೋ. ನನಗೆ ಚಿಕ್ಕಂದಿನಿಂದ ಉಬ್ಬಸ."