ಫಕ್ಕೀರಪ್ಪ ಮೇಸ್ತ್ರಿ ತುಂಬಿಸಿದ ಟ್ಯಾಂಕು

ಬಹಳ ಬಹಳ ಹಿಂದೆ, ಕರಿಮಡ್ಡಿ ಅಂತ ಒಂದು ಊರಿತ್ತಂತೆ. ಎಷ್ಟು ಹಿಂದೆ ಅಂತ ಕೇಳಬೇಡಿ. ಹೇಳುವವರೆಲ್ಲ ನಮ್ಮಜ್ಜನ ಕಾಲ ಅಂತಾರೆ, ಕಥೆಯಲ್ಲಿ ಬರುವ ಗಾಡಿ ನೋಡಿದರೆ ಅಷ್ಟೇನೂ ಹಳೆಯದಲ್ಲ. ಇರಲಿ. ಆ ಊರಿನ ಹೆದ್ದಾರಿ ಪಕ್ಕ, ಬೇವಿನ ಮರದ ಕೆಳಗೆ ಗ್ಯಾರೇಜು ಹಾಕಿಕೊಂಡು, ಫಕ್ಕೀರಪ್ಪ ಅಂತ ಒಬ್ಬ ಗಾಡಿ ಮೇಸ್ತ್ರಿ ಇದ್ದನಂತೆ.

ಅವನು ಬಾನೆಟ್ಟಿಗೆ ಕಿವಿ ಹಚ್ಚಿದರೆ ಸಾಕು, ಎಂಜಿನ್ನು ತನ್ನ ಹೊಟ್ಟೆಯ ಸಂಕಟವನ್ನೆಲ್ಲ ಹೇಳಿಕೊಳ್ಳುತ್ತಿತ್ತಂತೆ. ಕೆಟ್ಟು ನಿಂತ ಲಾರಿ ಅವನ ಕೆಮ್ಮು ಕೇಳಿ ತಾನೇ ಚಾಲೂ ಆಯಿತಂತೆ. ಇದನ್ನು ಕಂಡವರು ಯಾರೂ ಇಲ್ಲ, ಹೇಳುವವರು ಮಾತ್ರ ಊರ ತುಂಬ ಇದ್ದಾರೆ. ಹೊಗಳಿಕೆ ಕೇಳಿ ಕೇಳಿ ಮೇಸ್ತ್ರಿಗೂ ತನ್ನ ಮಾತೇ ವೇದವಾಕ್ಯವಾಯಿತು. ಅವನ ದೊಡ್ಡ ಮಾತು ಒಂದಿತ್ತು: ತವರಿನಿಂದ ಹೊರಟ ಮಗಳ ಉಡಿಯನ್ನು ಅಳೆದು ತುಂಬಬಾರದು, ಪರವೂರಿಗೆ ಹೊರಟ ಗಾಡಿಯ ಟ್ಯಾಂಕನ್ನೂ ಅಳೆದು ತುಂಬಬಾರದು. ಮೇಸ್ತ್ರಿ ಅಂದಮೇಲೆ ಮುಗಿಯಿತು. ಬಂಕಿನ ಪೈಪು ಟಕ್ ಎಂದು ತಾನೇ ನಿಂತರೂ ಕರಿಮಡ್ಡಿಯವರು ಬಿಡುತ್ತಿರಲಿಲ್ಲವಂತೆ. ಗಾಡಿಯನ್ನು ಅಲ್ಲಾಡಿಸಿ, ಮತ್ತೆ ಒತ್ತಿ, ಟ್ಯಾಂಕಿನ ಬಾಯಲ್ಲಿ ಪೆಟ್ರೋಲು ಕಾಣುವವರೆಗೆ ತುಂಬಿಸುತ್ತಿದ್ದರಂತೆ.

ಆ ಊರಿನ ಕಾಳಿನ ವ್ಯಾಪಾರಿ ಅಂದಾನಪ್ಪ ಮನೆಮಂದಿಗೆಲ್ಲ ಆಗಲಿ ಅಂತ ಏಳು ಸೀಟಿನ ಎತ್ತರದ ಗಾಡಿ ತಂದ. ಅದನ್ನು ಓಡಿಸಲು ಆ ಮನೆಯಲ್ಲಿ ಬರುತ್ತಿದ್ದುದು ಸೊಸೆ ನೀಲಗಂಗವ್ವನಿಗೆ ಮಾತ್ರ. ತವರಿನಲ್ಲಿ ಟ್ರ್ಯಾಕ್ಟರ್ ಹೊಡೆದು ಕಲಿತವಳು. ಅತ್ತೆಯನ್ನು ದವಾಖಾನೆಗೆ, ಮಕ್ಕಳನ್ನು ಶಾಲೆಗೆ ಅವಳೇ ಒಯ್ಯುತ್ತಿದ್ದಳು. ವಾರಕ್ಕೊಮ್ಮೆ ತವರಿಗೆ ಹೋಗಿ, ಹಾಸಿಗೆ ಹಿಡಿದ ತಾಯಿಯ ತಲೆ ಬಾಚಿ ಬರುತ್ತಿದ್ದಳು. ಆ ತಾಯಿ ಗಾಡಿಯ ಸದ್ದಿಗೇ ಕಾಯುತ್ತಿದ್ದಳಂತೆ.

ಅಂಥ ಗಾಡಿಗೆ ಒಂದು ರೋಗ ಹತ್ತಿತು. ಪೆಟ್ರೋಲು ತುಂಬಿಸಿ ಚಾಲೂ ಮಾಡಿದರೆ ನಡುಗಿ ಬಂದ್ ಬೀಳುವುದು, ಒಳಗೆಲ್ಲ ಪೆಟ್ರೋಲಿನ ವಾಸನೆ, ಓಡಿಸುವವರ ಕಣ್ಣೆದುರು ಎಚ್ಚರಿಕೆಯ ಹಳದಿ ದೀಪ. ಸ್ವಲ್ಪ ಹೊತ್ತು ಬಿಟ್ಟರೆ ಏನೂ ಆಗದಂತೆ ಓಡುವುದು. ಅಂದಾನಪ್ಪ ಸೊಸೆಯನ್ನೂ ಗಾಡಿಯನ್ನೂ ಮೇಸ್ತ್ರಿಯ ಮುಂದೆ ತಂದು ನಿಲ್ಲಿಸಿದ. ಪಕ್ಕದ ಚಹಾದಂಗಡಿಯ ಮಂದಿಯೆಲ್ಲ ಸುತ್ತ ನೆರೆದರು. ಫಕ್ಕೀರಪ್ಪ ಕಿವಿ ಹಚ್ಚಿದ. ಆ ಹೊತ್ತಿಗೆ ಎಂಜಿನ್ನು ಚೆನ್ನಾಗಿಯೇ ಓಡುತ್ತಿತ್ತು.

“ಗಾಡೀಗೆ ಏನೂ ಆಗಿಲ್ರೀ ಸಾವ್ಕಾರ್ರ. ಓಡಸೋ ಕಾಲಿಗೇ ರೋಗ ಐತಿ,” ಅಂದ. ನೆರೆದ ಗಂಡಸರೆಲ್ಲ ನಕ್ಕರು.

ನೀಲಗಂಗವ್ವ ನಗಲಿಲ್ಲ. “ಕಾಕಾ, ಪೆಟ್ರೋಲ್ ತುಂಬಿಸಿದಾಗಷ್ಟ ಹಿಂಗ ಆಗ್ತೈತ್ರಿ. ಟ್ಯಾಂಕಿನ ಕಡೆ ಒಮ್ಮಿ ನೋಡ್ರಿ,” ಅಂದಳು.

ಮೇಸ್ತ್ರಿ ನೋಡಲಿಲ್ಲ. ಅಷ್ಟು ಜನ ನಕ್ಕ ಮೇಲೆ ಬಗ್ಗಿ ನೋಡುವುದು ಅವನಿಗೆ ಮರ್ಯಾದೆಗೆ ಕಡಿಮೆ ಅನಿಸಿತು. ಅವತ್ತೇ ಕೀಲಿ ಸೊಸೆಯ ಕೈಯಿಂದ ಮಾವನ ಕಿಸೆಗೆ ಹೋಯಿತು. ಬಾಡಿಗೆ ಡ್ರೈವರ್ ಬಂದ. ಹತ್ತಿರದ ಓಡಾಟಕ್ಕೆ ಅವನು ಸ್ವಲ್ಪ ಸ್ವಲ್ಪವೇ ಪೆಟ್ರೋಲು ಹಾಕಿಸುತ್ತಿದ್ದ, ಹಾಗಾಗಿ ರೋಗ ಮತ್ತೆ ಕಾಣಲಿಲ್ಲ. ಗಾಡಿ ಸಂತೆಗೆ ಹೋಯಿತು, ಪೇಟೆಗೆ ಹೋಯಿತು, ಅವಳ ತವರಿಗೆ ಮಾತ್ರ ಹೋಗಲಿಲ್ಲ.

ಒಂದು ಬೆಳಿಗ್ಗೆ ಸುದ್ದಿ ಬಂತು: ತಾಯಿಗೆ ಬಹಳ ಆಗಿದೆ, ಬೇಗ ಬಾ. ದೂರದ ದಾರಿ ಅಂತ ಡ್ರೈವರ್ ಮೊದಲು ಬಂಕಿಗೆ ಹೊಡೆದ. ಊರ ರೂಢಿಯಂತೆ ಬಾಯಿಮಟ ತುಂಬಿಸಿದ. ಕೀಲಿ ತಿರುವಿದ, ಗಾಡಿ ನಡುಗಿ ನಿಂತಿತು. ಮತ್ತೆ ತಿರುವಿದ, ಮತ್ತೆ ನಿಂತಿತು. ನೀಲಗಂಗವ್ವ ಇಳಿದು ರಸ್ತೆಗೆ ಓಡಿ, ಬಂದ ಬಸ್ಸಿಗೆ ಕೈ ಮಾಡಿದಳು. ಬಸ್ಸು ಬದಲಿಸಿ ಬದಲಿಸಿ ಅವಳು ಮುಟ್ಟುವಷ್ಟರಲ್ಲಿ ತಾಯಿಯ ಉಸಿರು ನಿಂತಿತ್ತು.

ಇತ್ತ ಮೇಸ್ತ್ರಿಯನ್ನು ಬಂಕಿಗೆ ಕರೆಸಿದರು. ಈ ಸಲ ದೂರಲು ಹೆಣ್ಣಿನ ಕಾಲು ಇರಲಿಲ್ಲ. ಅವನು ಬೆನ್ನು ನೆಲಕ್ಕೆ ಹಚ್ಚಿ ಗಾಡಿಯ ಕೆಳಗೆ ತೂರಿದ. ಟ್ಯಾಂಕಿನ ಪಕ್ಕ ಒಂದು ಕರೀ ಡಬ್ಬಿ ಇರುತ್ತದೆ, ಅದರ ಒಳಗೆ ಇದ್ದಿಲು. ಪೆಟ್ರೋಲಿನ ಆವಿ ಹೊರಗೆ ಹೋಗದಂತೆ ಆ ಇದ್ದಿಲು ಹಿಡಿದಿಡುತ್ತದೆ. ಗಾಡಿ ಓಡುವಾಗ ಎಂಜಿನ್ನು ಒಂದು ವಾಲ್ವಿನ ಮೂಲಕ ಅದನ್ನು ಎಳೆದುಕೊಂಡು ಸುಡುತ್ತದೆ. ಡಬ್ಬಿ ಕುಡಿಯಬೇಕಾದದ್ದು ಆವಿ ಮಾತ್ರ. ಫಕ್ಕೀರಪ್ಪ ಬಿಚ್ಚಿ ಎತ್ತಿದರೆ ಅದು ಕಲ್ಲಿನಷ್ಟು ಭಾರ. ಓರೆ ಮಾಡಿದರೆ ಪೆಟ್ರೋಲೇ ಸುರಿದು ಮುಂಗೈ ತೋಯಿತು. ಇದ್ದಿಲ ಪುಡಿ ಸಿಕ್ಕಿ ವಾಲ್ವು ತೆರೆದೇ ಕಚ್ಚಿಕೊಂಡಿತ್ತು. ಬಾಯಿಮಟ ತುಂಬಿದಾಗಲೆಲ್ಲ ಉಕ್ಕಿದ ಪೆಟ್ರೋಲು ಡಬ್ಬಿಗೆ ಇಳಿದು, ಅಲ್ಲಿಂದ ಎಂಜಿನ್ನಿಗೆ ಹೋಗಿ ಉಸಿರು ಕಟ್ಟಿಸುತ್ತಿತ್ತು.

ಬಾಯಿಮಟ ತುಂಬಿಸಿ ಅಂತ ಊರಿಗೆ ಕಲಿಸಿದವನು ಯಾರು? ಆ ನಾಚಿಕೆಗೆ ಅವನು ಬಹಳ ಹೊತ್ತು ಗಾಡಿಯ ಕೆಳಗಿನಿಂದ ಈಚೆ ಬರಲಿಲ್ಲವಂತೆ. ಮೇಲೆ ನಿಂತವರು, ನೋಡ್ರಿ, ಮೇಸ್ತ್ರಿ ಎಷ್ಟು ಆಳಕ್ಕೆ ರೋಗ ಹುಡುಕುತ್ತಿದ್ದಾನೆ ಅಂತ ಹೊಗಳುತ್ತಿದ್ದರಂತೆ. ಒಂದೊಂದು ಹೊಗಳಿಕೆಗೂ ಅವನು ನೆಲಕ್ಕೆ ಇನ್ನಷ್ಟು ಇಳಿದು ಹೋದ. ಡಬ್ಬಿ ಹಳೆಯದಾಗಿತ್ತು ಅಂದುಬಿಟ್ಟಿದ್ದರೆ ಕೇಳುವವರೇ ಇರಲಿಲ್ಲ. ಅವನು ಹಾಗೆ ಅನ್ನಲಿಲ್ಲ.

ಹೊಸ ಡಬ್ಬಿ, ಹೊಸ ವಾಲ್ವು ಹಾಕಿದ. ಪೈಪುಗಳಿಗೆ ಹೊಗೆ ಊದಿ, ಎಲ್ಲೂ ಸೋರುತ್ತಿಲ್ಲ ಅಂತ ನೋಡಿದ. ಗಾಡಿಯನ್ನು ತಾನೇ ಓಡಿಸಿಕೊಂಡು ಅವಳ ತವರಿಗೆ ಹೋದ. ಅಂದಾನಪ್ಪನೂ, ಅವತ್ತು ನಕ್ಕಿದ್ದ ಮಂದಿಯೂ ದುಃಖದ ಮನೆಗೆ ಮಾತಾಡಿಸಲು ಬಂದು ಅಲ್ಲೇ ಕೂತಿದ್ದರು. ಅಷ್ಟು ಜನರ ನಡುವೆ ಮೇಸ್ತ್ರಿ ತಲೆ ಎತ್ತದೆ ಕೀಲಿ ಮುಂದೆ ಹಿಡಿದು, ಟ್ಯಾಂಕಿನಿಂದ ಡಬ್ಬಿಯವರೆಗೆ ಎಲ್ಲವನ್ನೂ ಹೇಳಿದ. ಕೊನೆಗೆ ಅಂದ:

“ಯವ್ವಾ, ರೋಗ ನಿನ್ನ ಕಾಲಿನಾಗ ಇರಲಿಲ್ಲ. ನನ್ನ ಬಾಯಾಗ ಇತ್ತು.”

ಒಂದು ಸಮಾಧಾನದ ಮಾತು ಬಂದೀತು ಅಂತ ಅವನು ಕಾದ.

“ಅವತ್ತ ಒಮ್ಮಿ ನೋಡ್ರಿ ಅಂದಿದ್ನಲ್ಲ, ಕಾಕಾ,” ಅಂದಳು. ಅಷ್ಟೇ. ಕೀಲಿ ತೆಗೆದುಕೊಂಡು ಒಳಗೆ ಹೋದಳು.

ಅವಳು ಕ್ಷಮಿಸಿದಳೋ ಇಲ್ಲವೋ, ಹೇಳಿದವರಿಲ್ಲ. ಮೇಸ್ತ್ರಿ ಬಸ್ಸು ಹತ್ತಿ ಊರಿಗೆ ಬಂದ. ಆಮೇಲೆ ಸಾಯುವತನಕ ಅವನು ಗಾಡಿ ಓಡಿಸಿದವರ ಮಾತು ಪೂರ್ತಿ ಕೇಳದೆ ಬಾನೆಟ್ ಮುಟ್ಟಲಿಲ್ಲವಂತೆ.

ಈಗಲೂ ಕರಿಮಡ್ಡಿಯ ಬಂಕಿನಲ್ಲಿ ಪೈಪು ಟಕ್ ಎಂದ ಕೂಡಲೇ ಸಾಕು ಅಂತಾರೆ. ಮಗಳ ಉಡಿಯನ್ನು ಮಾತ್ರ ಅಳೆಯದೆ ತುಂಬುತ್ತಾರೆ. ಹೊಸ ಗಾಡಿ ಬಂದರೆ ಕೀಲಿ ಮೊದಲು ಸೊಸೆಯ ಕೈಗೆ. ಬೇರೆ ಊರುಗಳಲ್ಲಿ ಗ್ಯಾರೇಜಿನ ಬಾಗಿಲ ಮೇಲೆ ದೇವರ ಹೆಸರು ಬರೆಸುತ್ತಾರೆ. ಕರಿಮಡ್ಡಿಯ ಗ್ಯಾರೇಜಿನಲ್ಲಿ ಫಕ್ಕೀರಪ್ಪ ತನ್ನ ಕೈಯಾರೆ ಬರೆದಿಟ್ಟ ಅವಳ ಮಾತನ್ನೇ ಪ್ರತಿ ದೀಪಾವಳಿಗೆ ಬಣ್ಣ ಹಚ್ಚಿ ತಿದ್ದುತ್ತಾರೆ: ಒಮ್ಮಿ ನೋಡ್ರಿ.